ಫ್ಲೈಓವರ್ ಹತ್ತೋವಾಗ ಗಾಡಿ ಆಫ್ ಆಗುತ್ತೆ, ಯಾವ ಸ್ಪೀಡಿಗೆ ಯಾವ ಗೇರು?

ಗುರುಗಳೇ, ಆರು ವರ್ಷ ಆಕ್ಟಿವಾ ಓಡಿಸಿ ಹೋದ ತಿಂಗಳು 2021ರ ಪಲ್ಸರ್ 150 ಸೆಕೆಂಡ್ ಹ್ಯಾಂಡ್ ತಗೊಂಡೆ. ಖಾಲಿ ರೋಡಲ್ಲಿ ಏನೂ ತೊಂದ್ರೆ ಇಲ್ಲ, ಸಂಜೆ ಹೆಬ್ಬಾಳ ಫ್ಲೈಓವರ್ ಏರಲ್ಲಿ ಎಲ್ಲಾ ತೆವಳ್ತಾ ಇರ್ತಾರಲ್ಲ, ಅಲ್ಲಿ ದಡದಡ ಅಂತ ನಡುಗಿ ಆಫ್ ಆಗ್ಬಿಡುತ್ತೆ, ಹಿಂದಿರೋರೆಲ್ಲ ಹಾರ್ನೋ ಹಾರ್ನು. ನಮ್ಮ ಮಾವ "ಬೇಗ ಟಾಪ್ ಗೇರಿಗೆ ಹಾಕು, ಪೆಟ್ರೋಲ್ ಉಳಿಯುತ್ತೆ" ಅಂತಾರೆ, ಆಫೀಸಲ್ಲಿ ಒಬ್ಬ "4000 ಆರ್‌ಪಿಎಂ ದಾಟಿಸ್ಬೇಡ, ಎಂಜಿನ್ ಹೋಗುತ್ತೆ" ಅಂತಾನೆ (ಆರ್‌ಪಿಎಂ ಅಂದ್ರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅನ್ನೋದು). ಯಾರ ಮಾತು ಕೇಳ್ಲಿ? ಅನುಭವ ಇರೋರು ಸ್ವಲ್ಪ ಹೇಳಿ.

*

ನಿಮ್ಮ ಮಾವನ ಮಾತನ್ನೇ ನಮ್ಮಪ್ಪನೂ ಹೇಳಿದ್ರು, ನಾನು ಎರಡು ವರ್ಷ ಕೇಳ್ದೆ ಕೂಡ. 30ರಲ್ಲಿ ಹೋಗ್ತಿದ್ರೂ ಫೋರ್ತು, ಹಂಪ್ ಬಂದ್ರೂ ಫೋರ್ತಲ್ಲೇ ಹತ್ತಿಸಿ ಇಳಿಸಿ ಆಮೇಲೆ ಪೂರ್ತಿ ರೈಸ್ ಕೊಡೋದು, ಗಾಡಿ ಗುಡುಗುಡು ಅಂತ ಒದ್ದಾಡ್ಕೊಂಡು ಹೆಂಗೋ ಎಳೀತಿತ್ತು. ಮೈಲೇಜೇನೂ ಕಿತ್ಕೊಂಡು ಬರ್ಲಿಲ್ಲ. ಒಂದಿನ ಚೈನು ಟಕಟಕ ಅಂತಿದೆ ಅಂತ ರಾಜಾಜಿನಗರದಲ್ಲಿ ನಮ್ಮ ಮಾಮೂಲಿ ಮೆಕ್ಯಾನಿಕ್ ಹತ್ರ ತಗೊಂಡ್ಹೋದೆ. ಅವನು ಹಿಂದೆ ಕೂತ್ಕೊಂಡು "ಓಡ್ಸಿ ಸಾರ್" ಅಂದ. ಒಂದು ರೌಂಡ್ ಹೋಗಿ ಬಂದು ಇಳಿದವನು "ಚೈನ್ ಟೈಟ್ ಮಾಡ್ಕೊಡ್ತೀನಿ, ಆದ್ರೆ ರಿಪೇರಿ ಬೇಕಿರೋದು ನಿಮ್ಮ ಎಡಗಾಲಿಗೆ ಸಾರ್" ಅಂದ.

ಅವನು ಹೇಳ್ಕೊಟ್ಟಿದ್ದು ಇಷ್ಟೇ. ಮೀಟರ್ ಬಿಡಿ, ಎಕ್ಸಲೇಟರ್ ಒಂಚೂರು ತಿರುಗಿಸಿ ನೋಡಿ. ತಕ್ಷಣ ಮುಂದಕ್ಕೆ ಎಳೀತಾ, ಗೇರ್ ಸರಿ ಇದೆ. ಮೊದ್ಲು ಫುಟ್‌ರೆಸ್ಟಲ್ಲಿ ನಡುಕ ಬಂದು, ಸೌಂಡ್ ದಪ್ಪ ಆಗಿ, ಆಮೇಲೆ ಬೇಕೋ ಬೇಡ್ವೋ ಅಂತ ಎಳೀತಾ, ಒಂದು ಗೇರ್ ಇಳಿಸಿ. ಬರೀ ಕಿರುಚ್ಕೋತಾ ಇದೆ ಸ್ಪೀಡ್ ಏರ್ತಾ ಇಲ್ವಾ, ಒಂದು ಏರಿಸಿ. ಅದೇ 35 ಸ್ಪೀಡು ಸಮ ರೋಡಲ್ಲಿ ಒಬ್ರೇ ಇದ್ರೆ ಫೋರ್ತಲ್ಲಿ ಆರಾಮಾಗಿ ಹೋಗುತ್ತೆ, ಹೆಂಡತಿ ಮತ್ತೆ ಅಕ್ಕಿ ಚೀಲ ಕೂರಿಸ್ಕೊಂಡು ದಿಬ್ಬ ಹತ್ತೋವಾಗ ಥರ್ಡು, ಕೆಲವೊಮ್ಮೆ ಸೆಕೆಂಡೇ ಬೇಕು. ಸ್ಪೀಡ್ ನೋಡಿ ಗೇರ್ ಹಾಕೋದಲ್ಲ, ಭಾರ ನೋಡಿ ಹಾಕೋದು.

4000ದ ಕಥೆ ಬಿಟ್ಹಾಕಿ. ನಿಮ್ಮ ಬಿಎಸ್6 ಪಲ್ಸರ್ 150ಕ್ಕೆ ಕಂಪನಿ ಹೇಳೋ 13.25 ನ್ಯೂಟನ್ ಮೀಟರ್ ಟಾರ್ಕ್ (ಎಳೆಯೋ ಬಲ) ಸಿಗೋದೇ 6500 ಆರ್‌ಪಿಎಂನಲ್ಲಿ, 14 ಪಿಎಸ್ ಪವರ್ ಸಿಗೋದು 8500ರಲ್ಲಿ. 4000ಕ್ಕೇ ಬೇಲಿ ಹಾಕಿದ್ರೆ ಏರಲ್ಲಿ ಅದು ಹೆಂಗೆ ಎಳೆಯುತ್ತೆ ಹೇಳಿ. ಎಂಜಿನ್‌ಗೆ ನಿಜವಾಗ್ಲೂ ಏಟು ಬೀಳೋದು 2000ದ ಹತ್ರ ಮುಳ್ಳಿಟ್ಕೊಂಡು ಎಕ್ಸಲೇಟರ್ ಪೂರ್ತಿ ತಿರುಗಿಸ್ದಾಗ, ಒಂದೊಂದು ಫೈರಿಂಗೂ ಸುತ್ತಿಗೇಲಿ ಹೊಡೆದಂಗೆ ಚೈನು, ಬೇರಿಂಗು ಎಲ್ಲದಕ್ಕೂ ಬೀಳುತ್ತೆ, ಜಾಸ್ತಿ ಆದ್ರೆ ನಾಕಿಂಗ್, ಅಂದ್ರೆ ಎಂಜಿನ್ ಒಳಗೆ ಟಕಟಕ ಬಡಿಯೋದು, ಶುರು ಆಗುತ್ತೆ. ನಾನು ಸಿಟೀಲಿ ಎಳೀಬೇಕಾದಾಗ 3000ದ ಕೆಳಗೆ ಬಿಡಲ್ಲ, 5500 6000ಕ್ಕೆ ಏರಿಸ್ತೀನಿ. ಲೆಕ್ಕ ಬೇಕೇ ಬೇಕು ಅಂದ್ರೆ ಸ್ಪೀಡ್ ಏರಿಸೋವಾಗ 15ವರೆಗೂ ಫಸ್ಟು, 30ರವರೆಗೆ ಸೆಕೆಂಡು, 40 45ರವರೆಗೆ ಥರ್ಡು, ಆಮೇಲೆ ಫೋರ್ತು, 50 ದಾಟಿದ್ಮೇಲೆ ಫಿಫ್ತ್ ಯೋಚ್ನೆ ಮಾಡಿ, ಇದು ಅಂದಾಜು ಅಷ್ಟೇ.

ಇನ್ನು ನಿಮ್ಮ ಫ್ಲೈಓವರ್. ತೆವಳೋ ಟ್ರಾಫಿಕ್ಕಲ್ಲಿ ಫಸ್ಟೇ, ಅದ್ರಲ್ಲಿ ನಾಚಿಕೆ ಏನಿಲ್ಲ. ಸೆಕೆಂಡಲ್ಲಿ ಹಾಫ್ ಕ್ಲಚ್ ಹಿಡ್ಕೊಂಡು ಏರಲ್ಲಿ ಗಾಡಿ ನಿಲ್ಲಿಸ್ಕೊಳ್ಳೋ ಚಟ ಬೇಡ, ಕ್ಲಚ್ ಪ್ಲೇಟ್ ಸುಟ್ಟು ಹೋಗುತ್ತೆ, ಹಿಂದಿನ ಬ್ರೇಕಲ್ಲಿ ಹಿಡ್ಕೊಳ್ಳಿ. ಮುಂದೆ ಎರಡು ಮೂರು ಮೀಟರ್ ಜಾಗ ಆಗೋವರೆಗೂ ಕಾಯ್ದು, ಆಮೇಲೆ ಸ್ವಲ್ಪ ರೈಸ್ ಕೊಟ್ಟು ಕ್ಲಚ್ ನಿಧಾನಕ್ಕೆ ಪೂರ್ತಿ ಬಿಟ್ಟು ಹೋಗಿ. ಆ ಜಾಗಕ್ಕೆ ಆಟೋದವನು ನುಗ್ತಾನೆ, ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಇನ್ನೊಂದು, ಸಿಗ್ನಲ್ ಕೆಂಪಾಗಿದ್ದು ಕಂಡ್ರೆ ಗಾಡಿ ಉರುಳ್ತಾ ಇರೋವಾಗ್ಲೇ ಒಂದೊಂದೇ ಇಳಿಸ್ಕೊಂಡು ಬನ್ನಿ. ಫೋರ್ತಲ್ಲಿ ನಿಂತ್ಬಿಟ್ರೆ ಆಮೇಲೆ ಗೇರು ಸುಲಭಕ್ಕೆ ಬೀಳಲ್ಲ, ಹಸಿರು ಬಂದಾಗ ಕಾಲಲ್ಲಿ ಲಿವರ್ ಗುದ್ದಾಡ್ಕೊಂಡು ನಿಂತಿರ್ತೀರ.

*

ಮೇಲೆ ಹೇಳಿದ ನಂಬರೆಲ್ಲ 150ಕ್ಕೆ ಸರಿ, ಬೇರೆ ಗಾಡಿಯವ್ರು ಹಂಗೇ ತಗೋಬೇಡಿ. ನಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಇದಕ್ಕೆ 27 ನ್ಯೂಟನ್ ಮೀಟರ್ 4000ದಲ್ಲೇ ಸಿಗುತ್ತೆ, ಹಂಗಾಗಿ ನಿಮ್ಮ ಗಾಡಿ ನಡುಗೋ ಕಡೆ ಇದು ಡುಗುಡುಗು ಅಂತ ಎಳ್ಕೊಂಡು ಹೋಗುತ್ತೆ. ಇದ್ರಲ್ಲಿ ಆರ್‌ಪಿಎಂ ಮುಳ್ಳೇ ಇಲ್ಲ, ಕಿವೀನೇ ಮೀಟರ್.

ಇಳಿಯೋದ್ರ ಬಗ್ಗೆ ಯಾರೂ ಹೇಳ್ಲಿಲ್ಲ ನೋಡಿ. ಹಳೇ ಗಾಡೀಲಿ ನಂದಿ ಬೆಟ್ಟದಿಂದ ನ್ಯೂಟ್ರಲ್ ಹಾಕ್ಕೊಂಡು ಇಳಿದಿದ್ದೆ, ಪೆಟ್ರೋಲ್ ಉಳಿಸೋ ಘನಕಾರ್ಯ. ಅರ್ಧ ದಾರೀಲಿ ಹಿಂದಿನ ಬ್ರೇಕ್ ಡ್ರಮ್ಮಿಂದ ಸುಟ್ಟ ವಾಸನೆ, ಪೆಡಲ್ ಒತ್ತಿದ್ರೆ ಮೊದಲಿನ ಹಿಡಿತ ಇಲ್ಲ, ತಿರುವಲ್ಲಿ ಎದುರಿಗೆ ಕಾರು. ಮೋರಿ ಕಟ್ಟೆ ಪಕ್ಕ ನಿಲ್ಲಿಸಿ ಕಾಲು ಗಂಟೆ ಸುಮ್ನೆ ಕೂತಿದ್ದೆ. ಈಗ ಹತ್ತಿದ ಗೇರಲ್ಲೇ ಇಳೀತೀನಿ, ಸೆಕೆಂಡು ಥರ್ಡು, ಎಕ್ಸಲೇಟರ್ ಬಿಟ್ರೆ ಎಂಜಿನ್ನೇ ಹಿಡಿಯುತ್ತೆ. ತಮಾಷೆ ಏನಂದ್ರೆ ಎಫ್‌ಐ (ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇರೋ) ಗಾಡೀಲಿ ಸಾಮಾನ್ಯವಾಗಿ ಗೇರಲ್ಲಿದ್ದು ಎಕ್ಸಲೇಟರ್ ಪೂರ್ತಿ ಬಿಟ್ಟಾಗ ಪೆಟ್ರೋಲ್ ಸಪ್ಲೈನೇ ನಿಲ್ಲುತ್ತೆ, ನ್ಯೂಟ್ರಲಲ್ಲಿ ಐಡಲ್ ಓಡೋಕೆ ಕುಡೀತಾನೇ ಇರುತ್ತೆ.

*

ಸ್ಪ್ಲೆಂಡರ್ ಓಡಿಸಿ ಪಲ್ಸರ್ ಹತ್ತೋರಿಗೆ ಒಂದು ಮಾತು, ಅದ್ರಲ್ಲಿ ಮುಂದೆ ಒತ್ತುತ್ತಾ ಹೋದ್ರೆ ಗೇರ್ ಏರುತ್ತೆ, ಇದ್ರಲ್ಲಿ ಒತ್ತಿದ್ರೆ ಇಳಿಯುತ್ತೆ. 50ರಲ್ಲಿ ಫೋರ್ತ್ ಅಂತ ಒತ್ದೆ, ಸೆಕೆಂಡ್ ಬಿತ್ತು, ಹಿಂದಿನ ಟೈರ್ ಕಿರ್ರ್ ಅಂತು. ಮೊದಲ ವಾರ ಕಾಲಿಗೆ ಹೇಳ್ಕೊಡ್ಬೇಕು.

*

ಎಂಜಿನ್ನೇ ಹಿಡಿಯುತ್ತೆ ಅನ್ನೋದು ಫೋರ್ ಸ್ಟ್ರೋಕಿಗೆ, ಅಂದ್ರೆ ಈಗಿನ ಗಾಡಿಗಳಿಗೆ, ಮಾತ್ರ ಕಣ್ರಪ್ಪ. ನನ್ನ ಹತ್ರ ಮೈಸೂರಲ್ಲಿ ತಯಾರಾದ ಹಳೇ ಟೂ ಸ್ಟ್ರೋಕ್ ಯೆಜ್ಡಿ ಇನ್ನೂ ಇದೆ, ಕಿಕ್ಕರ್ರೇ ಮುಂದಕ್ಕೆ ತಿರುಗಿಸ್ಕೊಂಡ್ರೆ ಗೇರ್ ಲಿವರ್ ಆಗೋ ಗಾಡಿ. ಟೂ ಸ್ಟ್ರೋಕ್‌ನಲ್ಲಿ ಎಂಜಿನ್ ಬ್ರೇಕಿಂಗ್ ಇದೆಯೋ ಇಲ್ಲವೋ ಅನ್ನೋ ಹಂಗೆ. ಅದ್ರ ಮೇಲೆ ಆಯಿಲ್ ಪೆಟ್ರೋಲಲ್ಲೇ ಬೆರೆಸಿರೋದ್ರಿಂದ ಉದ್ದ ಇಳಿಜಾರಲ್ಲಿ ಎಕ್ಸಲೇಟರ್ ಮುಚ್ಕೊಂಡೇ ಹೋದ್ರೆ ಎಂಜಿನ್‌ಗೆ ಆಯಿಲ್ಲೂ ಸಾಕಷ್ಟು ಹೋಗಲ್ಲ, ಮಧ್ಯೆ ಮಧ್ಯೆ ಒಂಚೂರು ರೈಸ್ ಕೊಡ್ತಾ ಇರ್ಬೇಕು. ಹಳೇ ಯಮಹಾ ಆರ್‌ಎಕ್ಸ್ (ಅದೂ ಟೂ ಸ್ಟ್ರೋಕೇ) ಇರೋ ಹುಡುಗ್ರೂ ಬ್ರೇಕ್ ಚೆನ್ನಾಗಿಟ್ಕೊಳ್ಳಿ.

*

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಅದೇ ಹೆಬ್ಬಾಳ ಏರು, ಫಸ್ಟಲ್ಲೇ ಹತ್ತಿಸ್ದೆ, ಜಾಗ ಆದ್ಮೇಲೆ ಸೆಕೆಂಡು, ಮುಳ್ಳು 4500ರ ಹತ್ರ. ಒಂದ್ಸಲಾನೂ ಆಫ್ ಆಗ್ಲಿಲ್ಲ. ಹಿಂದೆ ಬಿಎಂಟಿಸಿಯವನು ಹಾರ್ನ್ ಹೊಡೀತಾನೇ ಇದ್ದ, ಅದು ನನಗಲ್ಲ ಅಂದ್ಕೊಂಡೆ. ಮಾವನಿಗೆ ಇನ್ನೂ ಹೇಳಿಲ್ಲ.