ಅಪ್‌ಡೇಟ್: ಸೆಟ್ಲಮೆಂಟ್ ಬಗ್ಗೆ ಬಂದ ಸುದ್ದಿ, ನನ್ನ ದೂರು ಎಲ್ಲಿಗೆ ಬಂತು

ಹುಬ್ಬಳ್ಳಿ ಸೆಟ್ಲಮೆಂಟಿನ (ಬ್ರಿಟಿಷರು ಕೆಲವು ಸಮುದಾಯಗಳನ್ನು ಕೂಡಿಹಾಕಿದ್ದ ಓಣಿ) ಹುಡುಗನೊಬ್ಬ ಕಳವಿನ ಕೇಸಿನಲ್ಲಿ ಸಿಕ್ಕಾಗ ಪತ್ರಿಕೆಯೊಂದು ಇಡೀ ಓಣಿಯನ್ನೇ 'ಕಳ್ಳರ ಅಡ್ಡಾ' ಅಂತ ಬರೆದಿತ್ತು. ಯಾರಿಗೆ ದೂರು ಕೊಡಬೇಕು ಅಂತ ನಿಮ್ಮನ್ನು ಕೇಳಿದ್ದೆ.

ಮೊದಲು ಸಂಪಾದಕರಿಗೇ ಬರೆದೆ. ಭಾರತೀಯ ಪತ್ರಿಕಾ ಮಂಡಳಿಗೆ ಹೋಗಬೇಕಂದರೂ ಅದೇ ಮೊದಲ ಹೆಜ್ಜೆ. ದಿನಪತ್ರಿಕೆಯಾದರೆ ಪ್ರಕಟವಾದ 2 ತಿಂಗಳೊಳಗೆ ಮಂಡಳಿಗೆ ದೂರು ಕೊಡಬೇಕು. ಪತ್ರದಲ್ಲಿ ಒತ್ತಿ ಹೇಳಿದ್ದು ಇಷ್ಟು: ಬ್ರಿಟಿಷರು 1871ರಲ್ಲಿ ಶುರುಮಾಡಿದ ಕ್ರಿಮಿನಲ್ ಟ್ರೈಬ್ಸ್ (ಅಪರಾಧಿ ಬುಡಕಟ್ಟು) ಕಾನೂನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಮುದ್ರೆ ಒತ್ತಿದ ಸಮುದಾಯಗಳನ್ನು ಹುಬ್ಬಳ್ಳಿ, ಗದಗಗಳಲ್ಲಿ ಇಂಥ ಸೆಟ್ಲಮೆಂಟುಗಳಲ್ಲಿ ಇಟ್ಟಿದ್ದರು. ಆ ಕಾನೂನು 1952ರಲ್ಲೇ ರದ್ದಾಗಿದೆ. ನಿಮ್ಮ ತಲೆಬರಹ ಅದೇ ಮುದ್ರೆಯನ್ನು ಇವತ್ತು ಶಾಲೆಗೆ ಹೋಗೋ ಮಕ್ಕಳ ಹಣೆಗೆ ಒತ್ತುತ್ತದೆ.

ಪತ್ರಿಕೆಯಿಂದ ಫೋನ್ ಬಂತು. "ಪೊಲೀಸರು ಹೇಳಿದ್ದನ್ನ ಹಾಕೇವ್ರಿ" ಅಂದರು. ಎಫ್‌ಐಆರ್‌ನಲ್ಲಿ ಇರೋದು ಒಬ್ಬನ ಹೆಸರು, ಓಣಿಯ ಹೆಸರು ತಲೆಬರಹಕ್ಕೆ ಯಾಕೆ ಬಂತ್ರಿ ಸರ, ಅಂದೆ. ಒಳಪುಟದಲ್ಲಿ ಸಣ್ಣ ಸ್ಪಷ್ಟನೆ ಬಂದಿದೆ. ಕ್ಷಮೆ ಇಲ್ಲ. ನನಗೆ ಇದು ಸಾಲದು, ಮಂಡಳಿಗೂ ಕಳಿಸಿದ್ದೇನೆ. ಮಂಡಳಿ ದಂಡ ಹಾಕಲಾರದು, ಎಚ್ಚರಿಕೆ ಕೊಡಬಹುದು, ಖಂಡಿಸಬಹುದು; ಆದರೂ ದಾಖಲೆಯಲ್ಲಿ ಉಳಿಯಲಿ.

ಅದೇ ಸುದ್ದಿಯನ್ನು ವಿಡಿಯೊ ಮಾಡಿದ ವೆಬ್ ಚಾನೆಲ್ಲು ಮಂಡಳಿಯ ವ್ಯಾಪ್ತಿಗೆ ಬರೋದಿಲ್ಲ. 2021ರ ಐಟಿ ನಿಯಮಗಳ ಪ್ರಕಾರ ಅವರ ದೂರು ಅಧಿಕಾರಿ 15 ದಿನದೊಳಗೆ ತೀರ್ಮಾನ ತಿಳಿಸಬೇಕು. ದೂರು ಕೊಟ್ಟಾಗಿದೆ, ಉತ್ತರ ಬಂದಿಲ್ಲ. ಆ ವಿಡಿಯೊ ಉಳಿಸಿಕೊಂಡವರು ತಾರೀಖು ಕಾಣೋ ಸ್ಕ್ರೀನ್‌ಶಾಟ್ ಕಳಿಸ್ರಿ.