ಬೆರಳೆಣಿಕೆಯಲ್ಲಿ ತಪ್ಪಿದ ಒಂದು ಆಜ್ಞೆ

ಭಾನುವಾರದ ಕಾಫಿಗೆ ವೆಂಕಟೇಶರಾಯರ ಮನೆಯಲ್ಲಿ ಸೇರಿದ್ದ ನಾವು ಮೂವರೂ ಆರ್ಥರ್ ಮಿಲ್ಲರ್ ಅವರ, 1953ರಲ್ಲಿ ರಂಗವೇರಿದ 'ದಿ ಕ್ರೂಸಿಬಲ್' ನಾಟಕವನ್ನು ಓದಿಕೊಂಡೇ ಬಂದಿದ್ದೆವು. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟದ ಆರೋಪ ಹೊರಿಸಿ ಜನರನ್ನು ವಿಚಾರಣೆಗೆ ಎಳೆದ ಕಥೆ ಅದು.

"ಸೇಲಂನ ರೈತ ಪ್ರಾಕ್ಟರನ ಮನೆಗೆ ಬಂದ ಪಾದ್ರಿ ಹೇಲ್, ಅವನ ದೈವಭಕ್ತಿಯನ್ನು ಪರೀಕ್ಷಿಸಲು ಬೈಬಲಿನ ಹತ್ತು ಆಜ್ಞೆಗಳನ್ನು ಒಪ್ಪಿಸು ಎನ್ನುತ್ತಾನೆ. ಪಾಪ, ಅವನು ಬೆವರುತ್ತ ಬೆರಳು ಮಡಿಸಿ ಎಣಿಸಿದರೂ ಒಂದು ಸಿಕ್ಕುವುದೇ ಇಲ್ಲ. ಅದನ್ನು ಮೆಲ್ಲಗೆ ನೆನಪಿಸುವವಳು ಹೆಂಡತಿ ಎಲಿಜಬೆತ್: ವ್ಯಭಿಚಾರ ಮಾಡಬಾರದು!" ಎಂದು ರಾಯರು ನಕ್ಕರು. ಮನೆಯಲ್ಲಿ ಕೆಲಸಕ್ಕಿದ್ದ ಅಬಿಗೇಲಳೊಡನೆ ಅವನ ಸಂಬಂಧವಿದ್ದದ್ದು ಆಕೆಗೆ ಗೊತ್ತಿತ್ತಲ್ಲ.

"ಮರೆತವನನ್ನು ಹಿಡಿದಿರಿ, ಸರಿ. ಆದರೆ ಚಿನ್ನದ ದೀಪಸ್ತಂಭ ಬರುವವರೆಗೂ ಪ್ರವಚನದಲ್ಲಿ ಅದನ್ನೇ ಜಪಿಸಿದ, ಸೌದೆಯ ದುಡ್ಡಿಗಾಗಿ ಊರಿನೊಡನೆ ಜಗಳವಾಡಿದ ಪಾದ್ರಿ ಪ್ಯಾರಿಸನಿಗೆ ಆ ಪರೀಕ್ಷೆಯನ್ನು ಯಾರು ಕೊಟ್ಟರು?" ಎಂದರು ಶ್ರೀಪಾದ ಮೇಷ್ಟರು. ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದ ಅನುಭವ ಅವರದು.

ನಾನು ಇತಿಹಾಸಕ್ಕೆ ಕೈಹಾಕಿದೆ. ಮಾಟಗಾರರ ಬಾಯಲ್ಲಿ ಪ್ರಭುವಿನ ಪ್ರಾರ್ಥನೆ ತಪ್ಪಿಲ್ಲದೆ ಹೊರಡದು ಎಂಬ ನಂಬಿಕೆ ಗಟ್ಟಿಯಾಗಿದ್ದ ಆ ಕಾಲದಲ್ಲಿ, 1692ರ ಆಗಸ್ಟ್ 19ರಂದು, ಜಾರ್ಜ್ ಬರೋಸ್ ಎಂಬ ಪಾದ್ರಿ ಗಲ್ಲಿನೆದುರು ನಿಂತು ಅದನ್ನು ಒಂದಕ್ಷರವೂ ಬಿಡದೆ ಹೇಳಿದನು. ಆದರೂ ಅವನನ್ನು ನೇತುಹಾಕಿದರು. ನಿಜವಾದ ಪ್ರಾಕ್ಟರನೂ ಗಲ್ಲಿಗೇರಿದ್ದು ಅದೇ ದಿನ.

"ಅಂದರೆ ತಪ್ಪು ಉತ್ತರಕ್ಕೂ ಸೊನ್ನೆ, ಸರಿ ಉತ್ತರಕ್ಕೂ ಸೊನ್ನೆ. ಮಾಟ ಮಾಡಿದೆ ಎಂದು ಸುಳ್ಳಾಡಿದವರು ಪಾಸು, ಒಪ್ಪದವರಲ್ಲಿ 19 ಮಂದಿ ಗಲ್ಲಿಗೆ. ಇಂಥ ಮೌಲ್ಯಮಾಪನವನ್ನು ನಮ್ಮ ಮಂಡಳಿಯೂ ಮಾಡಿರಲಿಲ್ಲ" ಎಂದು ಮೇಷ್ಟರು ನಿಟ್ಟುಸಿರಿಟ್ಟರು.

ನಾಟಕದ ಕ್ರೂರವಾದ ಪರೀಕ್ಷೆ ಮಾತ್ರ ಎಲಿಜಬೆತ್ತಳದೇ ಎಂಬುದು ನನ್ನ ವಾದ. ಹೆಂಡತಿಯ ಮೇಲೆ ಮಾಟದ ಆರೋಪ ಹೊರಿಸಿದ ಅಬಿಗೇಲಳ ಬಣ್ಣ ಬಯಲು ಮಾಡಲು ಪ್ರಾಕ್ಟರನು ನ್ಯಾಯಾಲಯದಲ್ಲಿ ತನ್ನ ವ್ಯಭಿಚಾರವನ್ನು ಒಪ್ಪಿಕೊಂಡು, ನನ್ನ ಹೆಂಡತಿ ಸುಳ್ಳಾಡುವವಳಲ್ಲ, ಅವಳನ್ನೇ ಕೇಳಿ ಎಂದಿದ್ದಾನೆ. ಅದನ್ನರಿಯದೆ ಒಳಬಂದ ಆಕೆ, ಗಂಡನ ಮಾನ ಉಳಿಸಲೆಂದು ಇಲ್ಲವೆಂದುಬಿಡುತ್ತಾಳೆ. ಅವನ ನಿಜ ಅಲ್ಲಿಗೆ ಸುಳ್ಳಾಯಿತು.

"ನಮ್ಮವಳೂ ಹಾಗೆಯೇ, ಸತ್ಯವನ್ನೇ ನುಡಿಯುವವಳು" ಎನ್ನುತ್ತ ರಾಯರು ಮೈಸೂರು ಪಾಕಿನ ಮೂರನೆಯ ತುಂಡನ್ನು ಬಾಯಿಗಿಟ್ಟರು. ಸಕ್ಕರೆ ಕಾಯಿಲೆಯವರು, ಬೆಳಿಗ್ಗೆಯೂ ಎರಡು ತಿಂದದ್ದನ್ನು ನಮ್ಮೆದುರು ತಾವೇ ಒಪ್ಪಿಕೊಂಡಿದ್ದರು. ಅಷ್ಟರಲ್ಲಿ ಕಾಫಿ ತಂದ ಪದ್ಮಾವತಮ್ಮನವರನ್ನು ಮೇಷ್ಟರು ಗಂಭೀರವಾಗಿ ಕೇಳಿದರು: "ರಾಯರು ಪಥ್ಯ ಪಾಲಿಸುತ್ತಿದ್ದಾರೆಯೇ, ಅಮ್ಮ?"

"ಅಯ್ಯೋ, ಅವರು ಸಿಹಿ ಮುಟ್ಟಿ ಆರು ತಿಂಗಳಾಯಿತು" ಎಂದರು ಆಕೆ.