ಜಪಾನಿ ಯುದ್ಧ ಪೈಲಟ್‌ಗಳು: ನಿಮ್ಮ ಪ್ರಶ್ನೆ, ಡಾಕ್ಟರ್ ಉತ್ತರ

ಡಾಕ್ಟರ್: ಪೈಲಟ್‌ಗಳ ಆರೋಗ್ಯ ನೋಡಿಕೊಳ್ಳುವ ಕೆಲಸದಿಂದ ನಿವೃತ್ತನಾದವನು ನಾನು. ಎರಡನೇ ಮಹಾಯುದ್ಧದ ಜಪಾನಿ ಪೈಲಟ್‌ಗಳ ಬಗ್ಗೆ ಗುಂಪಿನಲ್ಲಿ ಫಾರ್ವರ್ಡ್ ಜಾಸ್ತಿಯಾಗಿದೆ. ಕೇಳಿ, ಹೇಳುತ್ತೇನೆ.

ಮಂಡ್ಯ: ಸಾರ್, ಶತ್ರು ಹಡಗಿಗೆ ಡಿಕ್ಕಿ ಹೊಡೆದು ತಾವೂ ಸಾಯೋಕೆ ಹೋಗುತ್ತಿದ್ದ ಕಾಮಿಕಾಜೆ ಪೈಲಟ್‌ಗಳ ವಿಮಾನಕ್ಕೆ ಹೋಗೋಕೆ ಆಗುವಷ್ಟೇ ಪೆಟ್ರೋಲ್ ಹಾಕುತ್ತಿದ್ದರಂತೆ, ಹೌದಾ?

ಡಾಕ್ಟರ್: ಎಲ್ಲರಿಗೂ ಹಾಗಿರಲಿಲ್ಲ. ಹಡಗು ಸಿಗದೆ, ಎಂಜಿನ್ ಕೆಟ್ಟು ವಾಪಸ್ ಬಂದವರು ಎಷ್ಟೋ ಮಂದಿ ಇದ್ದಾರೆ.

ಹಾಸನ: ಡಾಕ್ಟ್ರೇ, ಮಗ ಸೆಕೆಂಡ್ ಪಿಯುಸಿ. 'ಜಪಾನಿ ಪೈಲಟ್‌ಗಳ ಮಾತ್ರೆ, ನಿದ್ದೆ ಬರಲ್ಲ, ಓದಿದ್ದು ಮರೆಯಲ್ಲ' ಅಂತ ಫಾರ್ವರ್ಡ್ ನೋಡಿ ಗೆಳೆಯನ ಜೊತೆ ಏನೋ ತರಿಸಿ ನುಂಗಿದ್ದಾನೆ. ಎರಡು ರಾತ್ರಿ ಮಲಗಿಲ್ಲ. ಎದೆ ಡವಡವ ಅಂತಿದೆಯಂತೆ. ಗಾಬರಿ ಏನಿಲ್ಲ ಅಲ್ವಾ?

ಡಾಕ್ಟರ್: ಇದೆ ಅಮ್ಮಾ. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತ್ರೆಯ ಕವರ್ ಕೈಯಲ್ಲಿರಲಿ. ಬೈಯಬೇಡಿ, ಎಷ್ಟು ನುಂಗಿದ ಅಂತ ಕೇಳಿ.

ಆಗ ಜಪಾನ್‌ನಲ್ಲಿ ಕೊಡುತ್ತಿದ್ದ ಮಾತ್ರೆ ಫಿಲೊಪಾನ್. ಅದು ಮೆಥಾಂಫೆಟಮಿನ್, ನಿದ್ದೆ ಓಡಿಸಿ ಚಟ ಹಿಡಿಸುವ ಮಾದಕ ಮದ್ದು. ರಾತ್ರಿ ಹಾರುವವರಿಗೆ, ಕಾರ್ಖಾನೆಯಲ್ಲಿ ದುಡಿಯುವವರಿಗೆ ಕೊಟ್ಟರು. ಯುದ್ಧ ಮುಗಿದ ಮೇಲೆ ಜನ ಅದರ ಚಟಕ್ಕೆ ಬಿದ್ದರು. 1951ರಲ್ಲಿ ಕಾನೂನು ತಂದು ತಡೆಯಬೇಕಾಯಿತು. ನಿಮ್ಮ ಮಗ ನುಂಗಿದ್ದರಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ.

ಮಾತ್ರೆ ನುಂಗಿದ್ದಕ್ಕೇ ಕಾಮಿಕಾಜೆ ಪೈಲಟ್‌ಗಳಿಗೆ ಭಯವಿರಲಿಲ್ಲ ಅನ್ನುವ ಮಾತೂ ಸುಳ್ಳು. 1943ರಲ್ಲಿ ಕಾನೂನು, ಸಾಹಿತ್ಯ ಓದುತ್ತಿದ್ದ ಹುಡುಗರನ್ನೂ ಸೇನೆಗೆ ಎಳೆದರು. ಕ್ಯುಶು ದ್ವೀಪದ ಚಿರಾನ್ ವಾಯುನೆಲೆಯಿಂದ ಓಕಿನಾವಾ ದ್ವೀಪದ ಬಳಿಯ ಅಮೆರಿಕದ ಹಡಗುಗಳ ಕಡೆ ಹಾರಿದವರು, ಅರ್ಧ ನೆಲದೊಳಗಿದ್ದ ಮರದ ಗುಡಿಸಲುಗಳಲ್ಲಿ ಮಲಗಿ ಮನೆಗೆ ಕಾಗದ ಬರೆದರು. ಊರಿನ ಶಾಲೆಯ ಹುಡುಗಿಯರು ಅವರ ಬಟ್ಟೆ ಒಗೆದುಕೊಟ್ಟರು. ಕೇಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಉಯೆಹಾರಾ ರ್ಯೋಜಿ ಹೀಗೆ ಹಾರಿ ಸತ್ತಿದ್ದು 1945ರ ಮೇ 11ರಂದು, 22ನೇ ವಯಸ್ಸಿಗೆ. ಸ್ವಾತಂತ್ರ್ಯವೇ ಗೆಲ್ಲುತ್ತೆ, ಸರ್ವಾಧಿಕಾರದ ದೇಶ ಸೋಲುತ್ತೆ ಅಂತ ಹಿಂದಿನ ರಾತ್ರಿ ಬರೆದಿಟ್ಟಿದ್ದ. ತಲೆ ಸರಿಯಾಗಿಯೇ ಓಡುತ್ತಿದ್ದ ಹುಡುಗ ಅವನು. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತೆ.

ಧಾರವಾಡ: ಆದರೂ ತಾವಾಗೇ ಹೋದವರಲ್ವಾ? ದೇಶಭಕ್ತಿ ಅಂದ್ರೆ ಅದು.

ಉಡುಪಿ: ತಾವಾಗೇ? ಜೊತೆಯವರ ಎದುರು ಮೇಲಧಿಕಾರಿ ಕೇಳಿದರೆ ಇಪ್ಪತ್ತರ ಹುಡುಗ ಇಲ್ಲ ಅಂತಾನಾ? ವಾಪಸ್ ಬಂದವರನ್ನು ಫುಕುವೊಕಾದಲ್ಲಿ ಕೂಡಿಹಾಕಿ ಹೇಡಿ ಅಂದರು.

ಧಾರವಾಡ: ಕೆಲವರದ್ದು ಹಿಡಿದು ಎಲ್ಲರ ಮಾನ ಕಳೆಯಬೇಡಿ.

ಉಡುಪಿ: ಮಾನ ಕಳೆದಿದ್ದು ಕಳಿಸಿದವರು. ಕಾಮಿಕಾಜೆ ದಾಳಿಗೆ ಹೋಗಿ ಸತ್ತ ಪೈಲಟ್‌ಗಳು ಸುಮಾರು 3,800 ಮಂದಿ. ಅವರ ಮನೆಯವರನ್ನು ನೆನೆಸಿಕೊಳ್ಳಿ.

ಕೋಲಾರ: ಸಾರ್, 1942ರ ಏಪ್ರಿಲ್ 6ರಂದು ವಿಶಾಖಪಟ್ಟಣಕ್ಕೆ ಬಾಂಬ್ ಹಾಕಿದ ವಿಮಾನಗಳು ಯಾವ ಹಡಗಿನವು?

ಶಿವಮೊಗ್ಗ: ಅರ್ಧ ಟ್ಯಾಂಕ್ ಪೆಟ್ರೋಲ್ ಮಾತ್ರ ಅಂತೆ, ನಿಜಾನಾ?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಬಳ್ಳಾರಿ: ಹಗಲಲ್ಲಿ ನಕ್ಷತ್ರ ಹುಡುಕಿದರೆ ಅವರ ಹಾಗೆ ಕಣ್ಣು ಚುರುಕಾಗಿ ಕನ್ನಡಕ ಹೋಗುತ್ತಂತೆ. ವಿಡಿಯೋ ಹಾಕಲಾ?

ಡಾಕ್ಟರ್: ಹಾಕಬೇಡಿ. ಅವರನ್ನು ಒಳ್ಳೆ ಕಣ್ಣು ನೋಡಿಯೇ ಆರಿಸಿದ್ದರು. ನೋಟ ಸೂರ್ಯನ ಮೇಲೆ ನಿಂತರೆ ರೆಟಿನಾ ಸುಡುತ್ತೆ. ಎಷ್ಟು ಸಲ ಹೇಳಬೇಕು ಇಂಥವನ್ನು ಇಲ್ಲಿ ತರಬೇಡಿ ಅಂತ?

ಧಾರವಾಡ: ಕೇಳಿದ್ದಕ್ಕೆ ಹೀಗೆ ಸಿಡುಕಿದರೆ ಹೇಗೆ ಸಾರ್?

ಉಡುಪಿ: ನೀವು ಸುಮ್ನಿರಿ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಹಾಸನದಮ್ಮಾ, ಹೊರಟಿರಾ?

ಹಾಸನ: ಆಟೋದಲ್ಲಿದ್ದೀವಿ ಡಾಕ್ಟ್ರೇ. ಮೂರು ನುಂಗಿದೆ ಅಂತಿದ್ದಾನೆ.

ಡಾಕ್ಟರ್: ಅಲ್ಲಿ ಹೋದ ತಕ್ಷಣ ಮೊದಲು ಅದನ್ನೇ ಹೇಳಿ.